ನೀರಿನಿಂದ ಎದ್ದವನಿಗೆ ಪ್ರಾಣವಾಯು



ಇಂದು ನಾನು ಆರಿಸಿಕೊಂಡ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕರೂ ನಗಬಹುದು. ಸಮುದ್ರದೊಳಗೆ ಇಳಿಯುವ ಮುಳುಗುಗಾರರಿಗೆ ಅಪಘಾತವಾದರೆ, ತರಬೇತಿ ಪಡೆಯದ ನಮ್ಮಂಥವರು ಅವರಿಗೆ ಆಮ್ಲಜನಕ ಕೊಡಬಹುದೇ, ಕೊಡುವುದಾದರೆ ಹೇಗೆ ಎಂಬುದು ಇಂದಿನ ಮಾತು. ಈ ಭಾಷಣ ಬರೆಯುತ್ತಿದ್ದಾಗ ಪಕ್ಕದ ಮನೆಯ ಹುಡುಗ ಇಣುಕಿ ನೋಡಿ, "ಕಾಕಾ, ಜಹೀರಾಬಾದಿಗೂ ಸಮುದ್ರಕ್ಕೂ ಏನ್ ಸಂಬಂಧರೀ?" ಎಂದು ಕೇಳಿಯೇ ಬಿಟ್ಟ. ಅವನ ಪ್ರಶ್ನೆ ಸರಿಯಾದದ್ದೇ. ಇಲ್ಲಿಂದ ಸಮುದ್ರ ನೂರಾರು ಮೈಲಿ ದೂರ. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ಮಂಜೀರಾ ನದಿ, ಸಿಂಗೂರು ಜಲಾಶಯ, ತಾಂಡೂರಿನವರಿಗೆ ಕಾಗಿಣಾ, ಮತ್ತೆ ನಮ್ಮ ಬಾವಿಗಳು, ಮಳೆನೀರು ತುಂಬಿ ನಿಂತ ಫರ್ಸಿ ಕಲ್ಲಿನ ಖಣಿಗಳು.

ಆದರೆ ಕಾಲ ಬದಲಾಗಿದೆ. ನಮ್ಮ ಹಿರಿಯರು ಮುರುಡೇಶ್ವರಕ್ಕೆ ಹೋದರೆ ದೇವರ ದರ್ಶನ ಮಾಡಿ, ಕಾಲು ತೋಯಿಸಿಕೊಂಡು ಬರುತ್ತಿದ್ದರು. ಈಗಿನ ಹುಡುಗರು ಅಲ್ಲಿಂದ ದೋಣಿ ಹತ್ತಿ, ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುತ್ತಾರೆ. ಇದಕ್ಕೆ ಸ್ಕೂಬಾ ಎನ್ನುತ್ತಾರೆ. 2022ರ ಅಕ್ಟೋಬರಿನಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲಂತೂ ನಮ್ಮ ಊರುಗಳಲ್ಲೂ ಅದರ ಮಾತು ಹೆಚ್ಚಾಯಿತು. ಹೈದರಾಬಾದಿನಲ್ಲಿ ನೌಕರಿ ಮಾಡುವ ನಮ್ಮ ಮಕ್ಕಳು ಎರಡು ದಿನ ರಜೆ ಸಿಕ್ಕರೆ ಅತ್ತ ಹೊರಡುತ್ತಾರೆ. ಹಾಗಾಗಿ ಸಮುದ್ರದ ಅಪಘಾತ ನಮ್ಮ ಮನೆಯ ಬಾಗಿಲಿಗೂ ಬರಬಹುದು. ನಮ್ಮ ಮನೆಗೆ ಅದು ಬಂದಿತ್ತು.

ನನ್ನ ತಂಗಿಯ ಮಗ, ನನಗೆ ಅಳಿಯ, 2023ರ ಡಿಸೆಂಬರಿನಲ್ಲಿ ಮೂವರು ಗೆಳೆಯರೊಂದಿಗೆ ಕರಾವಳಿಗೆ ಹೋಗಿದ್ದ. ಊರಿನ ಹೆಸರು ಬೇಡ, ದೋಣಿಯವರ ಹೆಸರೂ ಬೇಡ. ಅವರನ್ನು ದೂರುವುದು ಇಂದಿನ ಉದ್ದೇಶವಲ್ಲ. ಐದು ಮೀಟರ್ ಆಳದಲ್ಲಿದ್ದಾಗ ಅವನ ಕನ್ನಡಕದೊಳಗೆ ನೀರು ನುಗ್ಗಿತು. ಗಾಬರಿಯಾದ ಹುಡುಗ ಬಾಯಿ ಬಿಗಿಹಿಡಿದು, ಉಸಿರು ಕಟ್ಟಿ, ಒಂದೇ ಉಸುರಿಗೆ ಮೇಲಕ್ಕೆ ಬಂದುಬಿಟ್ಟ. ದೋಣಿಗೆ ಎತ್ತಿ ಹಾಕಿದಾಗ ಎದೆ ನೋವು ಎಂದ. ಸ್ವಲ್ಪ ಹೊತ್ತಿಗೆ ಬಲಗೈ ಜೋಮು ಹಿಡಿಯಿತು. ಮಾತು ತೊದಲತೊಡಗಿತು.

ಆ ದೋಣಿಯಲ್ಲಿ ಒಂದು ಪೆಟ್ಟಿಗೆ ಇತ್ತು. ಪೆಟ್ಟಿಗೆಯಲ್ಲಿ ಆಮ್ಲಜನಕದ ಸಿಲಿಂಡರೂ ಮಾಸ್ಕೂ ಇದ್ದವು. ಆದರೆ ಅದನ್ನು ಕೊಡಲು ತರಬೇತಿ ಪಡೆದಿದ್ದವನು ಆ ದಿನ ಇನ್ನೊಂದು ದೋಣಿಯಲ್ಲಿದ್ದ. "ಸರ್ಟಿಫಿಕೇಟ್ ಇದ್ದವರೇ ಕೊಡಬೇಕು, ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ" ಎಂದು ಒಬ್ಬರು ತಡೆದರು. ಇನ್ನೊಬ್ಬರು ಚಹಾ ಕುಡಿಸೋಣ ಎಂದರು. ಮತ್ತೊಬ್ಬರು ಬೆನ್ನು ತಿಕ್ಕಿದರು. ಹೀಗೆ ಸುಮಾರು ಇಪ್ಪತ್ತು ನಿಮಿಷ ಕಳೆಯಿತು. ಕೊನೆಗೆ ಹಗ್ಗ ಎಳೆಯುವ ಕೆಲಸದ ಒಬ್ಬ ಹುಡುಗ, ಮೀನುಗಾರರ ಮನೆಯವನು, ಯಾರ ಮಾತನ್ನೂ ಕೇಳದೆ ಪೆಟ್ಟಿಗೆ ತೆಗೆದು, ಸಿಲಿಂಡರ್ ತಿರುಗಿಸಿ, ಅಳಿಯನ ಮುಖಕ್ಕೆ ಮಾಸ್ಕ್ ಹಾಕಿದ. ಅವನಿಗೆ ಸರ್ಟಿಫಿಕೇಟ್ ಇರಲಿಲ್ಲ. ಕೊರೋನಾ ಕಾಲದಲ್ಲಿ ಮನೆಯಲ್ಲಿ ತನ್ನ ತಾಯಿಗೆ ಆಮ್ಲಜನಕ ಕೊಟ್ಟಿದ್ದನಂತೆ, ಅಷ್ಟೇ ಅವನ ಅನುಭವ.

ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ನೀರಿನೊಳಗೆ ಮನುಷ್ಯನ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಬೇಕು. ನಾನು ಡಾಕ್ಟರನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮ್ಯಾಟ್ರಿಕ್ ಓದಿದವನು. ಅಳಿಯನ ಪ್ರಸಂಗವಾದ ಮೇಲೆ ಡಾಕ್ಟರುಗಳನ್ನು ಕೇಳಿ, ಪುಸ್ತಕ ತೆಗೆದು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಗಂಗಾವಳಿ ನದಿಯಲ್ಲಿ ಮುಳುಗುಗಾರರು ಹುಡುಕಾಟ ನಡೆಸಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಆಗ ಮನೆಯಲ್ಲಿ, "ಆಕ್ಸಿಜನ್ ಕಟ್ಟಿಕೊಂಡು ಇಳಿದರು" ಎಂದೇ ಮಾತಾಡಿಕೊಂಡೆವು. ಸಾಮಾನ್ಯವಾಗಿ ಸ್ಕೂಬಾದವರ ಬೆನ್ನಿನ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಈ ಗಾಳಿಯೇ. ಒತ್ತಿ ಒತ್ತಿ ತುಂಬಿದ ಗಾಳಿ. ಅದರಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಶುದ್ಧ ಆಮ್ಲಜನಕವನ್ನು ಸುಮಾರು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಫಿಟ್ಸ್ ಬರಬಹುದು. ಆದ್ದರಿಂದ ಬೆನ್ನಿನ ಸಿಲಿಂಡರ್ ಬೇರೆ, ದೋಣಿಯ ಪೆಟ್ಟಿಗೆಯಲ್ಲಿ ಚಿಕಿತ್ಸೆಗೆ ಇಡುವ ಆಮ್ಲಜನಕದ ಸಿಲಿಂಡರ್ ಬೇರೆ. ಗಾಯಗೊಂಡವನಿಗೆ ಬೆನ್ನಿನ ಸಿಲಿಂಡರಿನ ಗಾಳಿಯನ್ನೇ ಕೊಟ್ಟು "ಆಕ್ಸಿಜನ್ ಕೊಟ್ಟೆವು" ಎಂದು ಸಮಾಧಾನ ಮಾಡಿಕೊಳ್ಳಬಾರದು.

ಈಗ ಒತ್ತಡದ ಮಾತು. ಸಮುದ್ರದಲ್ಲಿ ಹತ್ತು ಮೀಟರ್ ಕೆಳಗೆ ಹೋದರೆ ದೇಹದ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಮೂವತ್ತು ಮೀಟರಿನಲ್ಲಿ ನಾಲ್ಕು ಪಟ್ಟು. ಒತ್ತಡ ಹೆಚ್ಚಾದಂತೆ ಗಾಳಿ ಕುಗ್ಗುತ್ತದೆ, ಕಡಿಮೆಯಾದಂತೆ ಹಿಗ್ಗುತ್ತದೆ. ಐದು ಮೀಟರ್ ಆಳದಲ್ಲಿ ಎದೆಯೊಳಗೆ ಆರು ಲೀಟರ್ ಗಾಳಿ ತುಂಬಿಕೊಂಡವನು ಉಸಿರು ಬಿಡದೆ ಮೇಲೆ ಬಂದರೆ, ಆ ಗಾಳಿಗೆ ಒಂಬತ್ತು ಲೀಟರಿನ ಜಾಗ ಬೇಕು. ಪುಪ್ಪುಸದಲ್ಲಿ ಅಷ್ಟು ಜಾಗ ಎಲ್ಲಿದೆ? ಅದು ಹರಿಯುತ್ತದೆ. ಹರಿದಲ್ಲಿಂದ ಗಾಳಿಯ ಗುಳ್ಳೆಗಳು ರಕ್ತಕ್ಕೆ ನುಗ್ಗಿ ಮೆದುಳಿನ ನಾಳಕ್ಕೆ ಅಡ್ಡ ಕೂರಬಹುದು. ಆಗ ಲಕ್ವಾ ಹೊಡೆದಂತೆ ಆಗುತ್ತದೆ. ಅಳಿಯನಿಗೆ ಆದದ್ದು ಇದೇ. ಇದಕ್ಕೆ ದೊಡ್ಡ ಆಳವೇ ಬೇಕೆಂದಿಲ್ಲ, ಆಳೆತ್ತರದ ನೀರೂ ಸಾಕು.

ಇನ್ನೊಂದು ರೀತಿಯ ಅಪಾಯ ನಿಧಾನವಾಗಿ ಬರುತ್ತದೆ. ಆಳದಲ್ಲಿ ಹೆಚ್ಚು ಹೊತ್ತು ಇದ್ದರೆ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗಿ ಜಮಾ ಆಗುತ್ತ ಹೋಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಠೇವಣಿ. ನಿಧಾನವಾಗಿ ಮೇಲೆ ಬಂದರೆ ಕಂತುಕಂತಾಗಿ ವಾಪಸು ಹೋಗುತ್ತದೆ, ಕೌಂಟರಿನಲ್ಲಿ ಗಲಾಟೆ ಇಲ್ಲ. ಅವಸರ ಮಾಡಿದರೆ ಠೇವಣಿದಾರರೆಲ್ಲ ಒಂದೇ ದಿನ ಹಣ ಕೇಳಿದ ಹಾಗೆ. ಕರಗಿದ್ದ ಸಾರಜನಕ ಸೋಡಾ ಬಾಟಲಿ ತೆಗೆದಾಗ ಬರುವಂತೆ ಗುಳ್ಳೆಗುಳ್ಳೆಯಾಗಿ ಹೊರಡುತ್ತದೆ. ಕೀಲು ನೋವು, ಚರ್ಮದ ತುರಿಕೆ, ತಲೆಸುತ್ತು, ವಿಪರೀತ ಸುಸ್ತು, ಕೈಕಾಲು ಜೋಮು, ಕೆಲವರಿಗೆ ಮೂತ್ರ ಕಟ್ಟುವುದು, ಕಾಲು ಬಿದ್ದುಹೋಗುವುದು. ಇವು ಕೆಲವು ನಿಮಿಷದಲ್ಲೂ ಬರಬಹುದು, ಮರುದಿನವೂ ಬರಬಹುದು.

ಈ ರೋಗವನ್ನು ಜಗತ್ತು ಕಂಡದ್ದು ಸಮುದ್ರದಲ್ಲಿ ಮಾತ್ರವಲ್ಲ, ಸೇತುವೆ ಕಟ್ಟುವಲ್ಲಿಯೂ. ಅಮೆರಿಕದ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ 1883ರಲ್ಲಿ ತೆರೆಯಿತು. ಅದರ ಬುನಾದಿಗಾಗಿ ಕೂಲಿಗಳು ನದಿಯ ತಳದಲ್ಲಿ, ಒತ್ತಿದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಯೊಳಗೆ ನೆಲ ಅಗೆಯುತ್ತಿದ್ದರು. ಮೇಲೆ ಬಂದವರು ಕೀಲು ಹಿಡಿದು ಬಿದ್ದು ಹೊರಳುತ್ತಿದ್ದರು, ಕೆಲವರು ಸತ್ತರು. ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ 1872ರಲ್ಲಿ ಇದೇ ರೋಗದಿಂದ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ಗಂಡನ ಸೂಚನೆಗಳನ್ನು ಕೆಲಸದವರಿಗೆ ಮುಟ್ಟಿಸುತ್ತ ಆ ಸೇತುವೆಯನ್ನು ಮುಗಿಸಲು ನೆರವಾದರು. 1878ರಲ್ಲಿ ಪಾಲ್ ಬೆರ್ ಎಂಬ ಫ್ರೆಂಚ್ ವಿಜ್ಞಾನಿ, ಇದು ಸಾರಜನಕದ ಗುಳ್ಳೆಗಳ ಕೆಲಸ ಎಂದು ತೋರಿಸಿ, ಆಮ್ಲಜನಕ ಉಸಿರಾಡಿಸಿದರೆ ಉಪಕಾರವಾಗುತ್ತದೆ ಎಂದು ಹೇಳಿದರು. 1908ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಎಂಬವರು ಆಡುಗಳನ್ನು ಒತ್ತಡದ ಕೋಣೆಯಲ್ಲಿ ಇಟ್ಟು ನೋಡಿ, ಎಷ್ಟು ಆಳದಿಂದ ಎಷ್ಟು ನಿಧಾನ ಬರಬೇಕು ಎಂಬ ಕೋಷ್ಟಕ ಮಾಡಿದರು.

ಹಾಗಾದರೆ ಆಮ್ಲಜನಕ ಏನು ಮಾಡುತ್ತದೆ? ಶುದ್ಧ ಆಮ್ಲಜನಕದಲ್ಲಿ ಸಾರಜನಕ ಇಲ್ಲ. ಅದನ್ನು ಉಸಿರಾಡುತ್ತಿದ್ದರೆ ಹೊಸ ಸಾರಜನಕ ಒಳಗೆ ಬರುವುದು ನಿಲ್ಲುತ್ತದೆ, ಒಳಗಿದ್ದದ್ದು ಬೇಗ ಹೊರಗೆ ಹೋಗುತ್ತದೆ, ಗುಳ್ಳೆ ಬೇಗ ಕುಗ್ಗುತ್ತದೆ. ಜೊತೆಗೆ, ರಕ್ತ ಸರಿಯಾಗಿ ಮುಟ್ಟದ ಜಾಗಕ್ಕೂ ಸ್ವಲ್ಪ ಹೆಚ್ಚು ಪ್ರಾಣವಾಯು ತಲುಪುತ್ತದೆ. ತೆಲುಗಿನಲ್ಲೂ ಪ್ರಾಣವಾಯುವು, ಕನ್ನಡದಲ್ಲೂ ಪ್ರಾಣವಾಯು. ಗಾಯಗೊಂಡ ಮುಳುಗುಗಾರನಿಗೆ ಪ್ರಥಮ ಚಿಕಿತ್ಸೆ ಎಂದರೆ ಇದೇ. ಪೂರ್ತಿ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಆಗಬೇಕು. ಮುಂಬಯಿಯ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಂಥ ಕಡೆ ಅಂಥ ಕೋಣೆಗಳಿವೆ. ಅಲ್ಲಿಗೆ ಮುಟ್ಟುವವರೆಗೆ ರೋಗಿಯನ್ನು ಕಾಯುವುದು ಆಮ್ಲಜನಕ.

ಇನ್ನು ತರಬೇತಿಯ ಪ್ರಶ್ನೆ. ಕೇಳುಗರೆ, 2021ನ್ನು ಸ್ವಲ್ಪ ನೆನಪಿಸಿಕೊಳ್ಳಿ. ಆ ವರ್ಷದ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ತೀರಿಕೊಂಡ ಸುದ್ದಿ ಕೇಳಿ ನಾವೆಲ್ಲ ನಡುಗಿದ್ದೆವು. ನಮ್ಮ ಹಳ್ಳಿಗಳಲ್ಲೂ ಮನೆಮನೆಗೆ ಸಿಲಿಂಡರ್ ಬಂತು. ಅದನ್ನು ಹಚ್ಚಿದವರು ಯಾರು? ಹೆಂಡತಿ, ಮಗ, ಸೊಸೆ, ಅಣ್ಣತಮ್ಮಂದಿರು. ಯಾರ ಬಳಿಯೂ ಸರ್ಟಿಫಿಕೇಟ್ ಇರಲಿಲ್ಲ.

ನನ್ನ ಅಣ್ಣನಿಗೂ ಹಾಗೆಯೇ ಒಂದು ರಾತ್ರಿ ಸಿಲಿಂಡರ್ ಬಂತು. ತಂದವರು ಇಳಿಸಿ ಹೊರಟುಹೋದರು. ನೋಡಿದರೆ ತೆಗೆಯುವ ಪಾನಾ ಇಲ್ಲ. ಗಡಿಯಾರದಂಥ ಮೀಟರನ್ನು ಯಾವ ಕಡೆ ಕೂರಿಸಬೇಕೋ ಗೊತ್ತಿಲ್ಲ. ಓಡಿಹೋಗಿ ಟ್ರ್ಯಾಕ್ಟರ್ ಮೆಕ್ಯಾನಿಕನನ್ನು ಎಬ್ಬಿಸಿ, ಅವನ ಪಾನಾ ತಂದು, ಗ್ರೀಸ್ ಹತ್ತಿದ ಅದೇ ಪಾನಾದಿಂದ ತೆಗೆದೆವು. ಆಮ್ಲಜನಕದ ಹತ್ತಿರ ಗ್ರೀಸ್ ಹೋದರೆ ಬೆಂಕಿಯೇ ಏಳಬಹುದು ಎಂದು ನನಗೆ ಆಮೇಲೆ ತಿಳಿಯಿತು. ದೇವರು ದೊಡ್ಡವನು, ಏನೂ ಆಗಲಿಲ್ಲ. ಆದರೆ ನಲವತ್ತು ನಿಮಿಷ ಹೋಯಿತು. ನಾಲ್ಕನೆಯ ದಿನ ದವಾಖಾನೆಯಲ್ಲಿ ಅಣ್ಣ ಉಳಿಯಲಿಲ್ಲ. ಆ ನಲವತ್ತು ನಿಮಿಷ ಅದಕ್ಕೆ ಕಾರಣವಲ್ಲ ಎಂದು ಡಾಕ್ಟರು ಹೇಳಿದರು. ನಾನು ನಂಬಿದ್ದೇನೆ. ಆದರೂ ಲೆಕ್ಕದಲ್ಲಿ ಒಂದು ಪೈಸೆ ಕೂಡದಿದ್ದರೆ ರಾತ್ರಿ ನಿದ್ದೆ ಬಾರದ ಕೆಲಸ ಮಾಡಿದವನು ನಾನು, ಆ ನಲವತ್ತು ನಿಮಿಷ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಅದಕ್ಕಾಗಿಯೇ ಈ ಕ್ರಮವನ್ನು ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಹುಡುಗರಿದ್ದರೆ ಕರೆದು ಕೇಳಿಸಿ.

ಮೊದಲು ನೋಡಬೇಕಾದದ್ದು ಒಂದೇ: ರೋಗಿ ಉಸಿರಾಡುತ್ತಿದ್ದಾನೋ ಇಲ್ಲವೋ. ಉಸಿರಾಡುತ್ತಿದ್ದರೆ ಸಮತಟ್ಟಾಗಿ ಮಲಗಿಸಿ. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿಯಾದರೆ ಹೊರಗೆ ಬರಲಿ. ಒಬ್ಬರು ಕೂಡಲೇ 108ಕ್ಕೆ ಫೋನ್ ಮಾಡಲಿ. ಈ ಸೇವೆ ತೆಲಂಗಾಣದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. "ಮುಳುಗುಗಾರನಿಗೆ ಅಪಘಾತವಾಗಿದೆ, ಒತ್ತಡದ ಕೋಣೆ ಬೇಕಾಗಬಹುದು" ಎಂದು ಸ್ಪಷ್ಟವಾಗಿ ಹೇಳಲಿ.

ಸಿಲಿಂಡರಿನ ಸುತ್ತ ಬೀಡಿ, ಸಿಗರೇಟು, ಒಲೆ, ದೀಪ, ಎಂಜಿನ್ನಿನ ಬಿಸಿ ಇರಬಾರದು. ಕೈಗೆ ಎಣ್ಣೆ, ತುಪ್ಪ, ಗ್ರೀಸ್ ಹತ್ತಿದ್ದರೆ ಒರೆಸಿಕೊಳ್ಳಿ. ನಮ್ಮಲ್ಲಿ ಚಿಕಿತ್ಸೆಯ ಆಮ್ಲಜನಕದ ಸಿಲಿಂಡರಿಗೆ ಬಹುತೇಕ ಕಪ್ಪು ಮೈ, ಬಿಳಿ ಹೆಗಲು ಇರುತ್ತದೆ. ಆದರೂ ಬಣ್ಣ ನಂಬಿ ಕೂರದೆ ಚೀಟಿ ಓದಿ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಎತ್ತಿಕೊಂಡು ಬರಬೇಡಿ. ಅದು ಉಸಿರಾಟಕ್ಕೆ ತುಂಬಿಸಿದ್ದಲ್ಲ.

ಮೀಟರಿನ ತಿರುಗಣೆ ಮುಚ್ಚಿದೆಯೇ ನೋಡಿ. ಸಿಲಿಂಡರಿನ ತಲೆಯ ವಾಲ್ವನ್ನು ಎಡಕ್ಕೆ, ನಿಧಾನವಾಗಿ ತಿರುಗಿಸಿ. ಒಮ್ಮೆಲೇ ಜಗ್ಗಬೇಡಿ, ಮುಖವನ್ನು ಅದರ ಮುಂದೆ ತರಬೇಡಿ. ಒತ್ತಡದ ಮುಳ್ಳು ಎದ್ದರೆ ಗಾಳಿ ಇದೆ ಎಂದರ್ಥ. ಆಮೇಲೆ ಮೀಟರಿನಲ್ಲಿ ನಿಮಿಷಕ್ಕೆ 15 ಲೀಟರಿಗೆ ತನ್ನಿ. ಚೀಲ ಇರುವ ಮಾಸ್ಕ್ ಇದ್ದರೆ ಅದನ್ನೇ ಹಾಕಿ. ಮುಖಕ್ಕೆ ಇಡುವ ಮೊದಲು ಚೀಲ ಉಬ್ಬಿರಬೇಕು. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಲಿ, ಸಂದಿ ಬಿಡದಂತೆ ಕೂರಲಿ. ಚೀಲ ಇಲ್ಲದ ಸಾದಾ ಮಾಸ್ಕ್ ಮಾತ್ರ ಇದ್ದರೆ ಅದೇ ಸರಿ. ಮೂಗಿನ ನಳಿಗೆ ಬಿಟ್ಟರೆ ಏನೂ ಇಲ್ಲದಿದ್ದರೆ ಅದನ್ನೇ ಹಾಕಿ, ಏನೂ ಇಲ್ಲದ್ದಕ್ಕಿಂತ ಮೇಲು.

ಬೆರಳಿಗೆ ಹಾಕುವ ಆ ಚಿಕ್ಕ ಯಂತ್ರ ಕೊರೋನಾ ನಂತರ ಮನೆಮನೆಯಲ್ಲಿದೆ. ಅದು 98 ತೋರಿಸಿದರೂ ಮುಳುಗುಗಾರನ ಮಾಸ್ಕ್ ತೆಗೆಯಬೇಡಿ. ಅದು ರಕ್ತದಲ್ಲಿನ ಆಮ್ಲಜನಕ ನೋಡುತ್ತದೆಯೇ ಹೊರತು ಗುಳ್ಳೆಯನ್ನು ನೋಡುವುದಿಲ್ಲ. ರೋಗಿ "ಈಗ ಆರಾಮಾಗಿದೆ" ಎಂದರೂ ತೆಗೆಯಬೇಡಿ. ಆರಾಮಾದಂತೆ ಕಂಡು ಮತ್ತೆ ಹದಗೆಡುವುದುಂಟು. ಡಾಕ್ಟರು ನೋಡುವವರೆಗೆ ಕೊಡುತ್ತಲೇ ಇರಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ನಮ್ಮಲ್ಲಿ ಆಂಬುಲೆನ್ಸಿನಲ್ಲಿ ಕಾಣುವ ‘ಬಿ’ ಮಾದರಿಯ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 15ರಂತೆ ಅದು ನೂರು ನಿಮಿಷ ಬರುತ್ತದೆ, ಅಂದರೆ ಒಂದು ಗಂಟೆ ನಲವತ್ತು ನಿಮಿಷ. ಆಳೆತ್ತರದ ‘ಡಿ’ ಮಾದರಿಯಲ್ಲಿ ಸುಮಾರು 7,000 ಲೀಟರ್, ಅದು ಏಳೂವರೆ ಗಂಟೆಯ ಮೇಲೆ ಬರುತ್ತದೆ. ದ್ವೀಪದಿಂದ ದಡಕ್ಕೆ ದೋಣಿ, ದಡದಿಂದ ದೊಡ್ಡ ಆಸ್ಪತ್ರೆಗೆ ರಸ್ತೆ ಎಂದು ಕೂಡಿಸಿದರೆ ಒಂದು ಚಿಕ್ಕ ಸಿಲಿಂಡರ್ ಸಾಲುವುದಿಲ್ಲ. ಹಾಗೆಂದು ಉಳಿಸುವ ಆಸೆಗೆ ಹರಿವು ಕಡಿಮೆ ಮಾಡಬೇಡಿ. ಮೊದಲು ಪೂರ್ತಿ ಕೊಡಿ, ದಡದಲ್ಲಿ ಇನ್ನೊಂದು ಸಿಲಿಂಡರ್ ಸಿದ್ಧ ಇಡಲು ಫೋನ್ ಮಾಡಿ.

ಇನ್ನು ಉಸಿರೇ ಇಲ್ಲದಿದ್ದರೆ? ಇದನ್ನು ಗಮನವಿಟ್ಟು ಕೇಳಿ, ಯಾಕೆಂದರೆ ಇದು ನಮ್ಮ ಬಾವಿಗೂ, ತಾಂಡೂರಿನ ಖಣಿಗೂ, ಸಿಂಗೂರಿನ ಹಿನ್ನೀರಿಗೂ ಸೇರಿದ ಮಾತು. ಉಸಿರಾಡದವನ ಮುಖಕ್ಕೆ ಮಾಸ್ಕ್ ಹಾಕಿ ಕೂತರೆ ಏನೂ ಪ್ರಯೋಜನವಿಲ್ಲ. ಸಿಲಿಂಡರ್ ತಾನಾಗಿ ಅವನ ಎದೆಯೊಳಗೆ ಗಾಳಿ ತುಂಬುವುದಿಲ್ಲ. ಅಂಥವನಿಗೆ ಮೊದಲು ನಿಮ್ಮ ಉಸಿರು ಬೇಕು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು, ಎದೆ ಏಳುವಂತೆ ಊದಿ. ಆಮೇಲೆ ಎದೆಯ ನಡುವೆ ಎರಡೂ ಕೈಯಿಂದ ಗಟ್ಟಿಯಾಗಿ, ವೇಗವಾಗಿ 30 ಸಲ ಒತ್ತಿ, ಮತ್ತೆ ಎರಡು ಸಲ ಊದಿ. ಹೀಗೆಯೇ ಮುಂದುವರಿಸಿ. ನಾವು ಬಿಡುವ ಉಸಿರಿನಲ್ಲೂ ನೂರಕ್ಕೆ ಸುಮಾರು 16 ಪಾಲು ಆಮ್ಲಜನಕ ಇರುತ್ತದೆ. ಅದು ಒಂದು ಜೀವಕ್ಕೆ ಸಾಕಾಗಬಹುದು. ಅವನು ತಾನಾಗಿ ಉಸಿರಾಡತೊಡಗಿದ ಮೇಲೆ ಮಾಸ್ಕ್ ಹಾಕಿ.

ನಮ್ಮ ಕಡೆ ಮುಳುಗಿದವನನ್ನು ಎತ್ತಿದ ಕೂಡಲೇ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು, ಹೆಗಲ ಮೇಲೆ ಹಾಕಿ ಗಿರಗಿರ ತಿರುಗಿಸುವುದು ಉಂಟು. ನಾನೂ ಚಿಕ್ಕವನಿದ್ದಾಗ ನೋಡಿದ್ದೇನೆ. ಅದರಿಂದ ಹೊಟ್ಟೆಯ ನೀರು ಬಾಯಿಗೆ ಬಂದು ಪುಪ್ಪುಸಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಅದನ್ನು ಬಿಡಬೇಕು. ಹಾಗೆಯೇ ಹಳೆಯ ಬಾವಿಯಲ್ಲಿ ಹೂಳು ತೆಗೆಯಲು ಇಳಿದವನು ಕುಸಿದು ಬಿದ್ದರೆ, ಹಗ್ಗವಿಲ್ಲದೆ ಇನ್ನೊಬ್ಬ ಇಳಿಯಬಾರದು. ಕೆಳಗೆ ಕೆಟ್ಟ ಗಾಳಿ ನಿಂತಿದ್ದರೆ ಇಳಿದವನೂ ಬೀಳುತ್ತಾನೆ. ಅಗ್ನಿಶಾಮಕದವರನ್ನು ಕರೆಯಿರಿ.

ಮುಳುಗುಗಾರನ ವಿಷಯದಲ್ಲಿ ಇನ್ನೆರಡು ಮಾತು. ನೋವು ಕಂಡವನನ್ನು "ಮತ್ತೆ ನೀರಿಗೆ ಇಳಿಸಿದರೆ ಒತ್ತಡ ಬಂದು ಸರಿಹೋಗುತ್ತದೆ" ಎಂದು ಕೆಲವರು ಹೇಳುವುದುಂಟು. ಅದು ಜೀವಕ್ಕೆ ಮುಳುವು. ಎರಡನೆಯದು, ಎತ್ತರದ ಮಾತು. ಜಹೀರಾಬಾದ್ ಕಡೆಯ ನೆಲ ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಂತೆ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ. ನಮ್ಮ ಹುಡುಗರು ಬೆಳಿಗ್ಗೆ ಸಮುದ್ರದ ತಳ ನೋಡಿ ಅದೇ ಸಂಜೆ ಬಸ್ಸು ಹತ್ತಿ ಘಟ್ಟ ಏರುತ್ತಾರೆ. ಅವಸರ ಬೇಡ, ಒಂದು ರಾತ್ರಿ ಕೆಳಗೆ ನಿಂತು ಬನ್ನಿ. ವಿಮಾನ ಹತ್ತುವುದಾದರೆ ಒಂದೇ ಸಲ ಮುಳುಗಿದವರು ಕಡಿಮೆಯೆಂದರೆ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕು ಎಂಬುದು ತಿಳಿದವರ ಸಲಹೆ. ಮನೆಗೆ ಬಂದ ಮೇಲೆ ಕೈ ಜೋಮು, ಕೀಲು ನೋವು ಎಂದರೆ "ಚೀಲ ಎತ್ತಿದ್ದಕ್ಕೆ" ಎಂದು ಎಣ್ಣೆ ತಿಕ್ಕಿ ಮಲಗಿಸಬೇಡಿ. ದವಾಖಾನೆಗೆ ಹೋಗಿ, ಸಮುದ್ರಕ್ಕೆ ಇಳಿದಿದ್ದ ಸಂಗತಿಯನ್ನು ಡಾಕ್ಟರಿಗೆ ಮೊದಲೇ ಹೇಳಿ. ನಾವು ಹೇಳದಿದ್ದರೆ ಬಯಲುಸೀಮೆಯ ಡಾಕ್ಟರಿಗೆ ಅದು ಹೇಗೆ ಹೊಳೆಯಬೇಕು?

ಕಾನೂನಿನ ಹೆದರಿಕೆಯನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಮನಸ್ಸಿನಿಂದ, ಒಪ್ಪಿಗೆ ಕೇಳಲು ಸಾಧ್ಯವಿಲ್ಲದ ಹೊತ್ತಿನಲ್ಲಿ, ಒಬ್ಬನ ಹಿತಕ್ಕಾಗಿ ಮಾಡಿದ ಕೆಲಸ ಅಪರಾಧವಾಗದು ಎಂಬ ಮಾತು ಹಳೆಯ ದಂಡಸಂಹಿತೆಯ 92ನೇ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದನ್ನು ಉಳಿಸಿದ್ದಾರೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ರಸ್ತೆಗೆ ಸಂಬಂಧಿಸಿದ್ದು ನಿಜ, ಆದರೆ ದೇಶದ ಕಾನೂನಿನ ಮನಸ್ಸು ಯಾವ ಕಡೆ ಇದೆ ಎಂಬುದು ಅದರಿಂದ ತಿಳಿಯುತ್ತದೆ. ಸಹಾಯ ಮಾಡಿದವನನ್ನು ಹಿಡಿದು ಕೂರಿಸುವ ಉದ್ದೇಶ ಅದಕ್ಕಿಲ್ಲ.

ಈಗ ಅಳಿಯನ ಕಥೆ ಮುಗಿಸುತ್ತೇನೆ. ಮಾಸ್ಕ್ ಹಾಕಿ ದಡಕ್ಕೆ ತಂದರು. ಅಲ್ಲಿಂದ ಆಸ್ಪತ್ರೆಗೆ, ಮರುದಿನ ಒತ್ತಡದ ಕೋಣೆಗೆ. ಮಾತು ಸರಿಹೋಯಿತು, ನಡೆಯುತ್ತಾನೆ, ನೌಕರಿಗೂ ಹೋಗುತ್ತಾನೆ. ಬಲಗೈಯ ಎರಡು ಬೆರಳು ಮಾತ್ರ ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ. ಅಂಗಿಯ ಗುಂಡಿ ಹಾಕುವಾಗ ತಡವರಿಸುತ್ತಾನೆ. ನಾನು ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ, "ಸಾರ್, ಆ ಹುಡುಗ ತರಬೇತಿ ಇಲ್ಲದೆ ಆಕ್ಸಿಜನ್ ಕೊಟ್ಟದ್ದು ತಪ್ಪಾಯಿತೇ?" ಅವರು, "ಅವನು ಕೊಟ್ಟದ್ದು ತಪ್ಪಲ್ಲ. ಅದಕ್ಕೂ ಮೊದಲಿನ ಇಪ್ಪತ್ತು ನಿಮಿಷ ಯಾರೂ ಕೊಡದಿದ್ದದ್ದು ತಪ್ಪು" ಎಂದರು. ಆ ಇಪ್ಪತ್ತು ನಿಮಿಷ ಉಳಿದಿದ್ದರೆ ಬೆರಳು ಪೂರ್ತಿ ಸರಿಯಾಗುತ್ತಿತ್ತೇ ಎಂದೂ ಕೇಳಿದೆ. ಅದನ್ನು ಯಾರೂ ಖಂಡಿತ ಹೇಳಲಾರರು ಎಂದರು. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು.

ಹಾಗೆಂದು ತರಬೇತಿಯೇ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಆ ದೋಣಿಯ ಹುಡುಗನಿಗೆ ತಾಯಿಯ ಕಾಯಿಲೆ ಕಲಿಸಿತ್ತು. ಅಂಥ ದುಬಾರಿ ಪಾಠ ಎಲ್ಲರಿಗೂ ಬೇಕಿಲ್ಲ. ತರಬೇತಿ ಇದ್ದವನು ಮಾಸ್ಕ್ ಸರಿಯಾಗಿ ಕೂರಿಸುತ್ತಾನೆ, ಉಸಿರು ನಿಂತದ್ದನ್ನು ಬೇಗ ಗುರುತಿಸುತ್ತಾನೆ, ಸಿಲಿಂಡರ್ ಖಾಲಿಯಾಗುವ ಮೊದಲೇ ಇನ್ನೊಂದನ್ನು ಸಿದ್ಧ ಇಡುತ್ತಾನೆ. ಇದು ಒಂದು ದಿನದಲ್ಲಿ ಕಲಿಯಬಹುದಾದ ವಿದ್ಯೆ. ಅಕ್ಷರ ಹೆಚ್ಚು ಬೇಕಿಲ್ಲ, ಕೈಗೆ ರೂಢಿ ಬೇಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಗ್ರಾಮ ಪಂಚಾಯತಿಯಿಂದ, ಯುವಕ ಸಂಘದಿಂದ ಕೇಳಿಕೊಳ್ಳಿ. ಒಂದು ಮಧ್ಯಾಹ್ನ ಸಿಲಿಂಡರ್ ತೆರೆಯುವುದು, ಮಾಸ್ಕ್ ಹಾಕುವುದು, ಎದೆ ಒತ್ತುವುದು ತೋರಿಸಲಿ. ಖಣಿಯಲ್ಲಿ ದುಡಿಯುವವರು, ಮೀನು ಹಿಡಿಯುವವರು, ಶಾಲೆಯ ಮಾಸ್ತರರು ಬಂದು ನೋಡಲಿ. ಕರಾವಳಿಗೆ ಹೋಗುವ ಹುಡುಗರು ದೋಣಿ ಹತ್ತುವ ಮುಂಚೆ ಎರಡೇ ಪ್ರಶ್ನೆ ಕೇಳಲಿ: "ಆಕ್ಸಿಜನ್ ಪೆಟ್ಟಿಗೆ ಎಲ್ಲಿದೆ? ಅದನ್ನು ತೆಗೆಯಲು ಬರುವವರು ಈ ದೋಣಿಯಲ್ಲಿ ಯಾರು?" ಉತ್ತರ ಸಿಗದಿದ್ದರೆ ಆ ದಿನ ನೀರಿಗೆ ಇಳಿಯದೆ ದಡದಲ್ಲಿ ಕೂತು ಬರಲಿ.

ನನ್ನ ಮನೆಯಲ್ಲಿ ಅಣ್ಣನ ಕಾಲದ ಆ ಸಿಲಿಂಡರ್ ಈಗ ಇಲ್ಲ, ವಾಪಸು ಕೊಟ್ಟೆವು. ಆಮೇಲೆ ಕೊಂಡ ಒಂದು ಹೊಸ ಪಾನಾ ಮಾತ್ರ ಇದೆ. ಗ್ರೀಸ್ ಮುಟ್ಟದಂತೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಓಣಿಯಲ್ಲಿ ಯಾರ ಮನೆಗೆ ಸಿಲಿಂಡರ್ ಬಂದರೂ ಆ ಪಾನಾ ಹೋಗುತ್ತದೆ, ನಾನೂ ಹೋಗುತ್ತೇನೆ. ಕಳೆದ ತಿಂಗಳು ಅದೇ ಪಕ್ಕದ ಮನೆಯ ಹುಡುಗ, ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಕೇಳಿದವನು, ತನ್ನ ಅಜ್ಜಿಗಾಗಿ ಅದನ್ನು ಕೇಳಲು ಬಂದಿದ್ದ. ಹೇಗೆ ತಿರುಗಿಸುವುದೆಂದು ಒಮ್ಮೆ ತೋರಿಸಿದೆ. ಎರಡನೆಯ ಸಲ ಅವನೇ ಮಾಡಿದ.